ತೆರೆದ ಆಕಾಶ, ತಲುಪದ ಬೆಳಕು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಪೂರ್ವ ದಿಕ್ಕಿಗೆ ಹೊರಟು ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳನ್ನು ದಾಟಿ ಹಳೆ ಮದರಾಸು ರಸ್ತೆಯಲ್ಲಿ ಸುಮಾರು 25 ಕಿಲೊಮೀಟರ್ ಸಾಗಿದರೆ ಹೊಸಕೋಟೆ ಸಿಗುತ್ತದೆ. ಅದರ ಸಮೀಪದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಎಂ.ಜಿ.ಕೆ. ಮೆನನ್ ಅವರ ಹೆಸರಿನ ಪ್ರಯೋಗಾಲಯದ ಧೂಳುರಹಿತ ಕೋಣೆಯೊಂದರಲ್ಲಿ ಜೋಡಣೆಗೊಂಡ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಬಾಹ್ಯಾಕಾಶಕ್ಕೆ ಏರಿತು. ಯುವಿಐಟಿ ಎಂಬ ಸಂಕ್ಷಿಪ್ತ ನಾಮದ ಈ ನೇರಳಾತೀತ ದೂರದರ್ಶಕವು ದೇಶದ ಮೊದಲ ಸಂಪೂರ್ಣ ಬಾಹ್ಯಾಕಾಶ ವೀಕ್ಷಣಾಲಯವಾದ ಆಸ್ಟ್ರೊಸ್ಯಾಟ್‌ನ ಐದು ಪ್ರಮುಖ ಉಪಕರಣಗಳಲ್ಲಿ ಒಂದು. ಭೂಮಿಯಿಂದ 650 ಕಿಲೊಮೀಟರ್ ಎತ್ತರದ ಕಕ್ಷೆಯಿಂದ ಅದು ಕಳುಹಿಸಿದ ಮಾಹಿತಿ ನಗರದ ಇನ್ನೊಂದು ಅಂಚಿನ ಬ್ಯಾಲಾಳುವಿಗೆ ಬಂದಿಳಿದು, ಕೋರಮಂಗಲದಲ್ಲಿ ಸಂಸ್ಕರಣೆಗೊಂಡು, ಜಗತ್ತಿನ ಖಗೋಳಜ್ಞರ ಕೈ ಸೇರಿದೆ.

ಹೀಗೆ ಗೆಲಾಕ್ಸಿಗಳ ಮತ್ತು ನಕ್ಷತ್ರಗಳ ಕುರಿತ ಹೊಸ ಅರಿವಿನ ಹಾದಿ ನಮ್ಮ ಊರಿನ ಮೂಲಕವೇ ಹಾದುಹೋಗಿದೆ. ಆದರೆ ಆ ಹಾದಿಯ ಇಕ್ಕೆಲಗಳಲ್ಲಿ ಬದುಕುವವರಲ್ಲಿ ಎಷ್ಟು ಮಂದಿಗೆ ಇದರ ಅರಿವಿದೆ? ತಿಳಿದವರಲ್ಲಿ ಎಷ್ಟು ಮಂದಿಗೆ ಅದನ್ನು ಬಳಸುವ ಅವಕಾಶವಿದೆ? 2018ರ ಸೆಪ್ಟೆಂಬರ್‌ನಲ್ಲಿ ಇಸ್ರೊ ಆಸ್ಟ್ರೊಸ್ಯಾಟ್‌ನ ದತ್ತಾಂಶ ಭಂಡಾರವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಭಂಡಾರದ ಬಾಗಿಲು ತೆರೆದಿದೆ. ಆದರೆ ಅಲ್ಲಿಗೆ ಹೋಗುವ ಮೆಟ್ಟಿಲುಗಳನ್ನು ನಾವಿನ್ನೂ ಕಟ್ಟಿಲ್ಲ ಎಂಬುದೇ ಈ ಲೇಖನದ ಕಾಳಜಿ.

ಬಾಹ್ಯಾಕಾಶಕ್ಕೆ ಏಕೆ ಹೋಗಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. ಅತ್ಯಂತ ಬಿಸಿಯಾದ ನಕ್ಷತ್ರಗಳು ತಮ್ಮ ಬೆಳಕಿನ ಬಹುಪಾಲನ್ನು ನೇರಳಾತೀತ ಕಿರಣಗಳಾಗಿ ಹೊರಸೂಸುತ್ತವೆ. ಈಗಷ್ಟೇ ಹುಟ್ಟಿದ ಭಾರಿ ತಾರೆಗಳು, ಸಾಯುವ ಹಂತದಲ್ಲಿ ತಮ್ಮ ಹೊರಪದರವನ್ನು ಕಳಚಿಕೊಂಡ ಮುದಿ ತಾರೆಗಳು ಎರಡೂ ಈ ಗುಂಪಿಗೆ ಸೇರುತ್ತವೆ. ಒಂದು ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳು ಎಲ್ಲಿ ಹುಟ್ಟುತ್ತಿವೆ ಎಂಬುದನ್ನು ತಿಳಿಯಲು ನೇರಳಾತೀತ ಚಿತ್ರಕ್ಕಿಂತ ನೇರವಾದ ಸಾಕ್ಷ್ಯ ಕಡಿಮೆ. ಆದರೆ ನಮ್ಮ ಚರ್ಮವನ್ನು ಕಾಪಾಡುವ ಓಝೋನ್ ಪದರವೂ ಅದರಾಚೆಯ ವಾಯುಮಂಡಲವೂ ಈ ಕಿರಣಗಳನ್ನು ಹೀರಿಕೊಂಡುಬಿಡುತ್ತವೆ. ಜೀವಿಗಳಿಗೆ ವರವಾದದ್ದು ಖಗೋಳಜ್ಞರಿಗೆ ತಡೆಗೋಡೆ.

ಇಲ್ಲೊಂದು ಸ್ವಾರಸ್ಯವಿದೆ. ದೀಪಗಳ ಝಗಮಗದಲ್ಲಿ ಮುಳುಗಿದ ರಸೆಲ್ ಮಾರುಕಟ್ಟೆಯ ಚೌಕದಲ್ಲಿ ರಾತ್ರಿ ತಲೆ ಎತ್ತಿ ನೋಡಿದರೆ ಕಾಣುವುದು ಬೆರಳೆಣಿಕೆಯ ನಕ್ಷತ್ರಗಳು. ಆಕಾಶಗಂಗೆಯಂತೂ ಈ ನಗರದ ನಡುವೆ ಹುಟ್ಟಿ ಬೆಳೆದ ಮಕ್ಕಳಿಗೆ ಪುಸ್ತಕದ ಚಿತ್ರ ಮಾತ್ರ. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ನಡೆಸುವ ದೂರದರ್ಶಕಕ್ಕೆ ಕಾಣುವ ಆಕಾಶವೇ ಬೇರೆ. ಆದರೆ ನೇರಳಾತೀತ ಕಿರಣಗಳ ಮಟ್ಟಿಗೆ ಹಾನ್ಲೆಯೂ ಶಿವಾಜಿನಗರವೂ ಸಮಾನವಾಗಿ ಕುರುಡು. ಇಬ್ಬರೂ ನೆಚ್ಚಬೇಕಾದದ್ದು ಕಕ್ಷೆಯಲ್ಲಿರುವ ಒಂದೇ ಕಣ್ಣನ್ನು. ಆ ಕಣ್ಣು ಕಂಡದ್ದು ಅಂಕಿಗಳಾಗಿ ಭಂಡಾರದಲ್ಲಿ ಕುಳಿತ ಮೇಲೆ ಅದನ್ನು ನೋಡಲು ಬೆಟ್ಟ ಹತ್ತಬೇಕಿಲ್ಲ, ಕತ್ತಲೆಯನ್ನು ಹುಡುಕಬೇಕಿಲ್ಲ. ಒಂದು ಕಂಪ್ಯೂಟರ್, ಅಂತರ್ಜಾಲ ಸಂಪರ್ಕ ಮತ್ತು ತರಬೇತಿ ಸಾಕು. ಈ ಮೂರರಲ್ಲಿ ಮೊದಲೆರಡು ಇಂದು ಮಾರುಕಟ್ಟೆಯ ಸುತ್ತಲಿನ ಗಲ್ಲಿಗಳಲ್ಲೂ ದೊರೆಯುತ್ತವೆ. ಕೊರತೆ ಇರುವುದು ಮೂರನೆಯದಕ್ಕೆ.

ಯುವಿಐಟಿ ದೊಡ್ಡ ದೂರದರ್ಶಕವೇನೂ ಅಲ್ಲ. ಅದರ ಅವಳಿ ಕನ್ನಡಿಗಳ ವ್ಯಾಸ ಸುಮಾರು 38 ಸೆಂಟಿಮೀಟರ್ ಮಾತ್ರ. 1990ರಲ್ಲಿ ಹಾರಿದ ಹಬಲ್‌ನದು 2.4 ಮೀಟರ್, 2021ರ ಡಿಸೆಂಬರ್‌ನಲ್ಲಿ ಹಾರಿದ ಜೇಮ್ಸ್ ವೆಬ್‌ನದು 6.5 ಮೀಟರ್. ಆದರೆ ಹಬಲ್ ಒಮ್ಮೆಗೆ ನೋಡುವುದು ಆಕಾಶದ ಅತಿ ಸಣ್ಣ ತುಣುಕನ್ನು. ಯುವಿಐಟಿಯಾದರೋ ಹೆಚ್ಚು ಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಅದಕ್ಕೂ ಮುನ್ನ ನೇರಳಾತೀತದಲ್ಲಿ ವಿಸ್ತಾರವಾಗಿ ಆಕಾಶವನ್ನು ಅಳೆದಿದ್ದ ಅಮೆರಿಕದ ಗೇಲೆಕ್ಸ್ ದೂರದರ್ಶಕಕ್ಕಿಂತ ಸುಮಾರು ಮೂರು ಪಟ್ಟು ಸ್ಫುಟವಾದ ಚಿತ್ರ ಅದರದು. ಬಿಡಿ ನಕ್ಷತ್ರಗಳನ್ನು ಪ್ರತ್ಯೇಕಿಸಿ ನೋಡಲು, ಹತ್ತಿರದ ಗೆಲಾಕ್ಸಿಗಳನ್ನು ಇಡಿಯಾಗಿ ಚಿತ್ರಿಸಲು ಈ ಎರಡು ಗುಣಗಳ ಜೋಡಿ ಬಹಳ ಉಪಯುಕ್ತವಾಯಿತು.

ಎರಡು ಉದಾಹರಣೆಗಳನ್ನು ನೋಡಬಹುದು. ಎನ್‌ಜಿಸಿ 188 ಎಂಬುದು ನಮ್ಮ ಆಕಾಶಗಂಗೆಯ ಅತಿ ಹಳೆಯ ತೆರೆದ ತಾರಾಗುಚ್ಛಗಳಲ್ಲಿ ಒಂದು. ಅಲ್ಲಿನ ತಾರೆಗಳೆಲ್ಲ ಒಂದೇ ಕಾಲದಲ್ಲಿ ಹುಟ್ಟಿದವು. ಹಾಗಾಗಿ ಬಿಸಿಯಾದ ನೀಲಿ ತಾರೆಗಳೆಲ್ಲ ಇಷ್ಟು ಹೊತ್ತಿಗೆ ಉರಿದು ಮುಗಿಯಬೇಕಿತ್ತು. ಆದರೂ ಕೆಲವು ತಾರೆಗಳು ತಮ್ಮ ಓರಗೆಯವಕ್ಕಿಂತ ಕಿರಿಯವಾಗಿ, ನೀಲಿಯಾಗಿ ಹೊಳೆಯುತ್ತವೆ. ಇವುಗಳ ಯೌವನದ ಗುಟ್ಟೇನು ಎಂಬುದು ದಶಕಗಳ ಒಗಟು. ಅನ್ನಪೂರ್ಣಿ ಸುಬ್ರಮಣಿಯನ್ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಯುವಿಐಟಿ ಚಿತ್ರಗಳನ್ನು ಪರಿಶೀಲಿಸಿ, ಅಂತಹ ಒಂದು ತಾರೆಯ ಪಕ್ಕದಲ್ಲಿ ಅತಿ ಬಿಸಿಯಾದ ಒಡನಾಡಿಯೊಂದು ಅಡಗಿರುವುದನ್ನು ತೋರಿಸಿದರು. ಒಡನಾಡಿ ತಾರೆ ತನ್ನ ಹೊರಪದರದ ದ್ರವ್ಯವನ್ನು ನೆರೆಯ ತಾರೆಗೆ ಸುರಿದು ತಾನು ಬರಿದಾಗಿದೆ. ಪಡೆದ ತಾರೆ ಮತ್ತೆ ಯೌವನ ತಳೆದಿದೆ. ಸಾಮಾನ್ಯ ಬೆಳಕಿನಲ್ಲಿ ಎರಡೂ ಒಂದೇ ಚುಕ್ಕೆ. ನೇರಳಾತೀತದಲ್ಲಿ ಮಾತ್ರ ಎರಡನೆಯದರ ಇರವು ಬಯಲಾಗುತ್ತದೆ. ಅನ್ನಪೂರ್ಣಿ ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು.

ಎರಡನೆಯದು ಇನ್ನೂ ದೂರದ ಸಂಗತಿ. 2016ರ ಅಕ್ಟೋಬರ್‌ನಲ್ಲಿ ಹಬಲ್ ಬಹಳ ಆಳವಾಗಿ ಶೋಧಿಸಿದ್ದ ಆಕಾಶದ ಭಾಗವನ್ನೇ ಯುವಿಐಟಿ 28 ಗಂಟೆಗೂ ಹೆಚ್ಚು ಕಾಲ ದಿಟ್ಟಿಸಿತು. ಪುಣೆಯ ಐಯುಕಾ ಸಂಸ್ಥೆಯ ಕನಕ್ ಸಾಹಾ ನೇತೃತ್ವದ ತಂಡ ಆ ದತ್ತಾಂಶವನ್ನು ಸುಮಾರು ಎರಡು ವರ್ಷ ಜಾಲಾಡಿ, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರ ನೇರಳಾತೀತ ಕಿರಣಗಳು ಸೋರಿ ಬರುತ್ತಿರುವುದನ್ನು 2020ರಲ್ಲಿ ಪ್ರಕಟಿಸಿತು. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ಕವಿದಿದ್ದ ಜಲಜನಕದ ಮಂಜನ್ನು ಮೊದಲ ಗೆಲಾಕ್ಸಿಗಳ ಬೆಳಕು ಹೇಗೆ ಚದುರಿಸಿತು ಎಂಬ ದೊಡ್ಡ ಪ್ರಶ್ನೆಗೆ ಇದು ನೆರವಾಗುವ ಸುಳಿವು. ಹಬಲ್‌ಗೆ ಹಿಡಿಯಲಾಗದ ಮಂದ ಸಂಕೇತವನ್ನು ಪುಟ್ಟ ಕನ್ನಡಿಯ ಉಪಕರಣ ಹಿಡಿದದ್ದು ಅದರ ಸಂವೇದಕಗಳ ಹಿನ್ನೆಲೆ ಗದ್ದಲ ಅತ್ಯಲ್ಪವಾಗಿದ್ದ ಕಾರಣದಿಂದ.

ಈ ಎರಡೂ ಉದಾಹರಣೆಗಳಲ್ಲಿ ದೂರದರ್ಶಕ ಮಾಡಿದ ಕೆಲಸ ಅರ್ಧ. ಉಳಿದರ್ಧ ನಡೆದದ್ದು ನೆಲದ ಮೇಲೆ, ಮೇಜಿನ ಮುಂದೆ, ತಾಳ್ಮೆಯಿಂದ ಅಂಕಿಗಳನ್ನು ಓದಿದವರ ಕೈಯಲ್ಲಿ. ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ಇದು ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಲ್ಪ ಸಂಬಳಕ್ಕೆ ದುಡಿಯುತ್ತಿದ್ದ ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ, ಪೆರು ದೇಶದಲ್ಲಿ ಬೇರೆಯವರು ತೆಗೆದು ಕಳುಹಿಸಿದ್ದ ಗಾಜಿನ ಫಲಕಗಳ ಮೇಲಿನ ಚುಕ್ಕೆಗಳನ್ನು ಅಳೆದಳು. ಬೆಳಕಿನಲ್ಲಿ ಏರಿಳಿಯುವ ಒಂದು ಬಗೆಯ ತಾರೆಗಳ ಏರಿಳಿತದ ಅವಧಿಗೂ ಅವುಗಳ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆ ಎಂದು 1912ರಲ್ಲಿ ಅವಳು ತೋರಿಸಿದ ಮೇಲೆ ವಿಶ್ವವನ್ನು ಅಳೆಯುವ ಅಳತೆಗೋಲು ಸಿಕ್ಕಿತು. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಅಂತಹ ತಾರೆಯೊಂದನ್ನು ಗುರುತಿಸಿ, ಅದು ನಮ್ಮ ಆಕಾಶಗಂಗೆಯಾಚೆಯ ಪ್ರತ್ಯೇಕ ಗೆಲಾಕ್ಸಿ ಎಂದು ಸಾಧಿಸಲು ಸಾಧ್ಯವಾದದ್ದು ಅದೇ ಅಳತೆಗೋಲಿನಿಂದ. ದೂರದರ್ಶಕಕ್ಕೆ ಹಬಲ್ ಹೆಸರು ಬಂತು. ಆದರೆ ಭಂಡಾರದ ಕೋಣೆಯಲ್ಲಿ ಕುಳಿತು ಫಲಕಗಳನ್ನು ಓದಿದವಳಿಲ್ಲದೆ ಆ ಹೆಸರಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಈಗಿನ ಭಂಡಾರಗಳು ಲೆವಿಟ್‌ಳ ಕಾಲದವಕ್ಕಿಂತ ಅಪಾರ. ಹಬಲ್ ದತ್ತಾಂಶದಿಂದ ಪ್ರತಿವರ್ಷ ಹೊರಬರುವ ಪ್ರಬಂಧಗಳಲ್ಲಿ ಹಳೆಯ ಭಂಡಾರವನ್ನು ಬಳಸಿದವುಗಳ ಸಂಖ್ಯೆ, ಹೊಸದಾಗಿ ವೀಕ್ಷಣಾವಧಿ ಪಡೆದವರು ಬರೆದವುಗಳನ್ನು ಮೀರಿಸಿದೆ. ಒಬ್ಬರು ಒಂದು ಉದ್ದೇಶಕ್ಕೆ ತೆಗೆದ ಚಿತ್ರದಲ್ಲಿ ಇನ್ನೊಬ್ಬರು ಬೇರೊಂದನ್ನು ಕಾಣುತ್ತಾರೆ. ಐದು ವರ್ಷದ ಬಾಳಿಕೆಗೆಂದು ರೂಪಿಸಿದ ಆಸ್ಟ್ರೊಸ್ಯಾಟ್ 2025ರಲ್ಲಿ ಹತ್ತು ವರ್ಷ ದಾಟಿತು. ಅದರ ನೇರಳಾತೀತ ವಾಹಿನಿಗಳಲ್ಲಿ ಒಂದು 2018ರಲ್ಲೇ ನಿಂತುಹೋಗಿದೆ. ಉಪಕರಣಕ್ಕೆ ಆಯುಸ್ಸಿನ ಮಿತಿಯಿದೆ. ಉಳಿಯುವುದು ಭಂಡಾರ. ಅದನ್ನು ಓದಬಲ್ಲವರು ನಮ್ಮಲ್ಲಿ ಎಷ್ಟಿದ್ದಾರೆ ಎಂಬುದರ ಮೇಲೆ ಈ ಸಾಹಸದ ಅಂತಿಮ ಲಾಭ ನಿಂತಿದೆ.

ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ನಗರದ ಕ್ರೈಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಯುವಿಐಟಿ ಚಿತ್ರಗಳಿಂದ ಗೆಲಾಕ್ಸಿಗಳ ಅಧ್ಯಯನ ಮಾಡಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ದೇಶದ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಇದೇ ದತ್ತಾಂಶದ ಮೇಲೆ ಸಂಶೋಧನಾ ಪದವಿಗೆ ದುಡಿದಿದ್ದಾರೆ. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಭೌತಶಾಸ್ತ್ರದ ತರಗತಿಯ ಮಾತೇ ಬೇರೆ. ಅಲ್ಲಿ ಕೂರುವವರು ಹಣ್ಣಿನ ವ್ಯಾಪಾರಿಯ, ಹೂವು ಕಟ್ಟುವವಳ, ಆಟೊ ಚಾಲಕನ ಮಕ್ಕಳು. ಅವರು ಓದುವ ಪಠ್ಯದಲ್ಲಿ ನಕ್ಷತ್ರಗಳ ವಿಕಾಸ ಒಂದು ಅಧ್ಯಾಯವಾಗಿ ಬಂದು ಹೋಗುತ್ತದೆ. ಆ ಅಧ್ಯಾಯದ ನಿಜವಾದ ಚಿತ್ರಗಳು, ನಿಜವಾದ ಅಂಕಿಗಳು ತಮ್ಮ ಊರಿನ ಭಂಡಾರದಲ್ಲಿಯೇ ತಮಗಾಗಿ ತೆರೆದಿವೆ ಎಂದು ಅವರಿಗೆ ಹೇಳುವವರು ಅಪರೂಪ. ಜೇಮ್ಸ್ ವೆಬ್‌ನ ವರ್ಣರಂಜಿತ ಚಿತ್ರಗಳು 2022ರ ಜುಲೈನಿಂದ ಎಲ್ಲರ ಮೊಬೈಲ್‌ಗಳಿಗೆ ಬಂದಿವೆ. ಅವು ಬೆರಗು ಮೂಡಿಸಿ ಸರಿದುಹೋಗುತ್ತವೆ. ನೋಡುಗನಾಗಿರುವುದಕ್ಕೂ ಅಳೆಯುವವನಾಗಿರುವುದಕ್ಕೂ ಇರುವ ಅಂತರವೇ ಇಲ್ಲಿನ ಪ್ರಶ್ನೆ.

ತಡೆಗಳು ಯಾವುವು? ಭಂಡಾರದಿಂದ ಇಳಿಸಿಕೊಂಡ ಕಡತ ಚಿತ್ರದಂತೆ ತಾನಾಗಿ ತೆರೆದುಕೊಳ್ಳುವುದಿಲ್ಲ. ಉಪಗ್ರಹದ ಅಲುಗಾಟವನ್ನು ಸರಿಪಡಿಸಬೇಕು, ಹಿನ್ನೆಲೆಯನ್ನು ಕಳೆಯಬೇಕು, ಎಣಿಕೆಗಳನ್ನು ಪ್ರಕಾಶಕ್ಕೆ ಪರಿವರ್ತಿಸಬೇಕು. ಇದಕ್ಕೆ ಬೇಕಾದ ತಂತ್ರಾಂಶಗಳು ಉಚಿತ. ಯುವಿಐಟಿಗೆಂದೇ ಕೆನಡಾದಲ್ಲಿ ರೂಪಿಸಿದ ತಂತ್ರಾಂಶ ಸಾಮಾನ್ಯ ವಿಂಡೋಸ್ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಆದರೆ ಕೈಪಿಡಿಗಳೆಲ್ಲ ಪರಿಣತರಿಗಾಗಿ ಬರೆದ ಇಂಗ್ಲಿಷಿನಲ್ಲಿವೆ. ಮೊದಲ ಬಾರಿ ತಪ್ಪಿದಾಗ ಪಕ್ಕದಲ್ಲಿ ನಿಂತು ತಿದ್ದುವ ಗುರುವಿಲ್ಲ. ಅಧ್ಯಾಪಕರಿಗೇ ಈ ತರಬೇತಿ ದೊರೆತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇದು ನಮ್ಮಂಥವರಿಗಲ್ಲ ಎಂಬ ಅಳುಕು ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ.

ಇಲ್ಲಿ ಎರಡು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ಹೊಟ್ಟೆಪಾಡಿನ ಚಿಂತೆಯಲ್ಲಿರುವ ಮನೆಯ ಮಕ್ಕಳಿಗೆ ದೂರದ ಗೆಲಾಕ್ಸಿಯಿಂದ ಏನಾಗಬೇಕು ಎಂಬುದು ಮೊದಲನೆಯದು. ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಖಗೋಳ ದತ್ತಾಂಶವನ್ನು ಓದಲು ಕಲಿಯುವ ವಿದ್ಯಾರ್ಥಿ ಅದರೊಂದಿಗೆ ಸಂಖ್ಯಾಶಾಸ್ತ್ರ, ಚಿತ್ರ ಸಂಸ್ಕರಣೆ, ಕಂಪ್ಯೂಟರ್ ಭಾಷೆಗಳನ್ನೂ ಕಲಿಯುತ್ತಾನೆ. ಈ ನಗರದ ಉದ್ಯೋಗ ಮಾರುಕಟ್ಟೆ ಕೇಳುವುದು ಇವನ್ನೇ. ಅದಕ್ಕಿಂತ ಮುಖ್ಯವಾದ ಉತ್ತರ ಬೇರೆ. ಬಡವರ ಮಕ್ಕಳಿಗೆ ಉಪಯೋಗಕ್ಕೆ ಬರುವುದನ್ನಷ್ಟೇ ಕಲಿಸಬೇಕು, ಕುತೂಹಲವು ಉಳ್ಳವರ ಸೊತ್ತು ಎಂಬ ನಿಲುವೇ ಅನ್ಯಾಯದ್ದು. ರಂಜಾನ್ ತಿಂಗಳ ಕೊನೆಯ ಸಂಜೆ ಚಂದ್ರದರ್ಶನಕ್ಕಾಗಿ ಮಾಳಿಗೆ ಹತ್ತಿ ಪಶ್ಚಿಮದತ್ತ ಕಣ್ಣು ನೆಡುವ ಪರಂಪರೆ ಶಿವಾಜಿನಗರದ್ದು. ಆಕಾಶವನ್ನು ನೋಡುವ ಆಸೆಯನ್ನು ಅಲ್ಲಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಪಳಗದ ಕೈಗಳು ಸಂಶೋಧನೆಗೆ ಇಳಿದರೆ ತಪ್ಪುಗಳೇ ಹೆಚ್ಚಾವು ಎಂಬುದು ಎರಡನೆಯ ಆಕ್ಷೇಪ. ಅನುಭವ ಹೇಳುವುದು ಬೇರೆ. 2007ರಲ್ಲಿ ಗೆಲಾಕ್ಸಿ ಝೂ ಎಂಬ ಯೋಜನೆಯಲ್ಲಿ ಗೆಲಾಕ್ಸಿಗಳ ಚಿತ್ರಗಳನ್ನು ವಿಂಗಡಿಸುತ್ತಿದ್ದ ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್, ಪರಿಣತರ ಕಣ್ಣಿಗೆ ಬೀಳದ ವಿಚಿತ್ರ ಅನಿಲರಾಶಿಯೊಂದನ್ನು ಗುರುತಿಸಿದಳು. ಮುಂದೆ ಹಬಲ್ ದೂರದರ್ಶಕವೇ ಅದರತ್ತ ತಿರುಗಿತು. ನಮ್ಮ ದೇಶದಲ್ಲೂ ಆನಂದ ಹೋತಾ 2013ರಲ್ಲಿ ಆರಂಭಿಸಿದ ರ್‍ಯಾಡ್‌ಅಟ್‌ಹೋಮ್ ಕೂಟವು ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ ದತ್ತಾಂಶವನ್ನು ಸಾಮಾನ್ಯ ವಿದ್ಯಾರ್ಥಿಗಳ ಕೈಗಿತ್ತು ಕೆಲಸ ಮಾಡಿಸುತ್ತ ಬಂದಿದೆ. ಮಾರ್ಗದರ್ಶನವಿದ್ದಲ್ಲಿ ತಪ್ಪು ತಿದ್ದಿಕೊಳ್ಳುತ್ತದೆ.

ಮುಕ್ತ ದತ್ತಾಂಶದ ಬೆಲೆಯನ್ನು ರಸೆಲ್ ಮಾರುಕಟ್ಟೆಯ ಗ್ರಾಹಕರಿಗೆ ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. 1927ರಲ್ಲಿ ಕಟ್ಟಿದ ಆ ಮಾರುಕಟ್ಟೆಯೊಳಗೆ ಯಾರು ಬೇಕಾದರೂ ಹೋಗಬಹುದು. ತೂಕದ ಮುಳ್ಳು ಗ್ರಾಹಕನ ಕಣ್ಣೆದುರಿಗೇ ಇರಬೇಕು. ವಿಜ್ಞಾನಿಯೊಬ್ಬ ಹೀಗೊಂದು ಗೆಲಾಕ್ಸಿಯನ್ನು ಕಂಡೆ ಎಂದಾಗ ಅದನ್ನು ಮತ್ತೊಬ್ಬರು ತೂಗಿ ನೋಡಲು ಅವಕಾಶವಿರುವುದೇ ಮುಕ್ತ ಭಂಡಾರದ ಅರ್ಥ. ಆಸ್ಟ್ರೊಸ್ಯಾಟ್‌ಗೆ ವೆಚ್ಚವಾದದ್ದು ಸುಮಾರು 178 ಕೋಟಿ ರೂಪಾಯಿ ಎಂದು ವರದಿಯಾಗಿತ್ತು. ಅದು ಸಾರ್ವಜನಿಕರ ತೆರಿಗೆಯ ಹಣ. ಬೆಳಗಿನ ಜಾವ ಬುಟ್ಟಿ ಇಳಿಸುವವನ ಪಾಲೂ ಅದರಲ್ಲಿದೆ. ತಕ್ಕಡಿಯನ್ನು ಓದಲು ಬಾರದವನಿಗೆ ಮುಳ್ಳು ಕಾಣಿಸಿದರೂ ಪ್ರಯೋಜನವಿಲ್ಲವಾದ್ದರಿಂದ, ಓದಲು ಕಲಿಸುವ ಹೊಣೆಯೂ ತೂಗಿದವರ ಮೇಲೆಯೇ ಇದೆ.

ಮಾಡಬಹುದಾದ ಕೆಲಸಗಳು ದುಬಾರಿಯೂ ಅಲ್ಲ, ಅಸಾಧ್ಯವೂ ಅಲ್ಲ. ಮೊದಲನೆಯದು ಪಠ್ಯಕ್ರಮ. ರಾಜ್ಯ ಸರ್ಕಾರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದಾಗ ವಿಶ್ವವಿದ್ಯಾಲಯಗಳು ಪಠ್ಯಗಳನ್ನು ಮತ್ತೆ ರಚಿಸಬೇಕಾಯಿತು. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿ ಆಸ್ಟ್ರೊಸ್ಯಾಟ್ ಭಂಡಾರದಿಂದ ಒಂದು ತಾರಾಗುಚ್ಛವನ್ನೋ ಹತ್ತಿರದ ಗೆಲಾಕ್ಸಿಯನ್ನೋ ಆಯ್ದು ಅಳೆಯುವ ಕಿರು ಯೋಜನೆಯನ್ನು ಪ್ರಯೋಗಾಲಯದ ಪಾಠವಾಗಿ ಸೇರಿಸಲು ಬೆಂಗಳೂರು ನಗರ ಮತ್ತು ಉತ್ತರ ವಿಶ್ವವಿದ್ಯಾಲಯಗಳಿಗೆ ಅಡ್ಡಿಯೇನು? ಹೊಸ ಉಪಕರಣ ಕೊಳ್ಳಬೇಕಿಲ್ಲ. ಲೋಲಕದ ಅವಧಿಯನ್ನು ನೂರನೆಯ ಬಾರಿ ಅಳೆಯುವುದರ ಜೊತೆಗೆ ಈವರೆಗೆ ಯಾರೂ ಅಳೆಯದ ತಾರೆಯನ್ನೂ ಒಮ್ಮೆ ಅಳೆಯಲಿ.

ಎರಡನೆಯದು ಅಧ್ಯಾಪಕರ ತರಬೇತಿ ಮತ್ತು ವಾರಾಂತ್ಯದ ಶಾಲೆ. ರಸೆಲ್ ಮಾರುಕಟ್ಟೆಯಿಂದ ಎರಡು ಮೂರು ಕಿಲೊಮೀಟರ್ ದೂರದಲ್ಲಿ ಜವಾಹರಲಾಲ್ ನೆಹರು ತಾರಾಲಯವಿದೆ. ಪದವಿ ವಿದ್ಯಾರ್ಥಿಗಳಿಗಾಗಿ ಅಲ್ಲಿ ನಡೆದುಬಂದಿರುವ ರೀಪ್ ಎಂಬ ವಾರಾಂತ್ಯದ ತರಗತಿಗಳಿಂದ ಹಲವರು ಸಂಶೋಧನೆಗೆ ಹೋಗಿದ್ದಾರೆ. ಈ ಮಾದರಿ ತಾರಾಲಯದ ಗೋಡೆ ದಾಟಿ ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಸರ್ಕಾರಿ ಕಾಲೇಜುಗಳಿಗೂ ಸಾರ್ವಜನಿಕ ಗ್ರಂಥಾಲಯಗಳಿಗೂ ಬರಬೇಕು. ಹೊಸಕೋಟೆಯ ಪ್ರಯೋಗಾಲಯದಲ್ಲಿ ದುಡಿದ ತಂತ್ರಜ್ಞರು ತಿಂಗಳಿಗೊಮ್ಮೆ ಹಳೆ ಮದರಾಸು ರಸ್ತೆಯಲ್ಲಿ ಪಶ್ಚಿಮಕ್ಕೆ ಬಂದರೆ ಸಾಕು.

ಮೂರನೆಯದು ಭಾಷೆ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರತಂದರು. ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಅವರಂಥವರು ನಕ್ಷತ್ರಲೋಕವನ್ನು ಕನ್ನಡದ ಓದುಗರ ಮನೆಯಂಗಳಕ್ಕೆ ತಂದರು. ಅಂತಹ ಪರಂಪರೆಯುಳ್ಳ ಭಾಷೆಯಲ್ಲಿ ಯುವಿಐಟಿ ದತ್ತಾಂಶವನ್ನು ಬಳಸುವ ಕೈಪಿಡಿಯೊಂದು ಬರುವುದು ಕಷ್ಟವಾಗಬಾರದು. ಪ್ರತಿಯೊಂದು ಮುಖ್ಯ ಫಲಿತಾಂಶದ ಜೊತೆಗೆ ಒಂದು ಪುಟದ ಕನ್ನಡ ಟಿಪ್ಪಣಿ ಇರಲಿ. ದಖನಿ ಉರ್ದುವೂ ತಮಿಳೂ ಕನ್ನಡವೂ ಒಂದೇ ಅಂಗಡಿಯ ಮುಂದೆ ಕೇಳಿಬರುವ ದಂಡು ಪ್ರದೇಶದಲ್ಲಿ, ಮಗು ಯೋಚಿಸುವ ಭಾಷೆಯಲ್ಲಿ ಮೊದಲ ಪಾಠ ಹೇಳುವ ಔದಾರ್ಯವೂ ಇರಲಿ. ಇಂಗ್ಲಿಷ್ ಆಮೇಲೆ ಬಂದೇ ಬರುತ್ತದೆ.

ಯುವಿಐಟಿಗಿಂತ ದೊಡ್ಡದಾದ, ಒಂದು ಮೀಟರ್ ವ್ಯಾಸದ ಕನ್ನಡಿಯುಳ್ಳ ನೇರಳಾತೀತ ದೂರದರ್ಶಕವನ್ನು ಕಟ್ಟುವ ಪ್ರಸ್ತಾವವನ್ನು ಖಭೌತ ವಿಜ್ಞಾನ ಸಂಸ್ಥೆ ಕೆಲವು ವರ್ಷಗಳ ಹಿಂದೆಯೇ ಮುಂದಿಟ್ಟಿದೆ. ಹೊಸ ಉಪಕರಣಗಳಿಗೆ ಹಣ ಕೇಳುವಾಗ ಜನರ ಒಪ್ಪಿಗೆ ಬೇಕು; ಹಳೆಯದರಲ್ಲಿ ತಮಗೂ ಪಾಲು ಸಿಕ್ಕಿದೆ ಎಂದು ಬಲ್ಲ ಜನರಷ್ಟು ಗಟ್ಟಿಯಾದ ಬೆಂಬಲ ಇನ್ನಾರದೂ ಇರಲಾರದು. ಮುಂದಿನ ದೂರದರ್ಶಕ ಸಿದ್ಧವಾಗುವ ಹೊತ್ತಿಗೆ ಅದರ ದತ್ತಾಂಶಕ್ಕಾಗಿ ಕಾಯುವವರಲ್ಲಿ ಶಿವಾಜಿನಗರದ, ಕೆ.ಆರ್. ಪುರದ ಕಾಲೇಜುಗಳಿಂದ ಬಂದವರೂ ಇರಬೇಕಾದರೆ ಕಲಿಕೆ ಆರಂಭವಾಗಬೇಕಾದದ್ದು ಈ ಶೈಕ್ಷಣಿಕ ವರ್ಷದಿಂದಲೇ. ವಿಶ್ವವಿದ್ಯಾಲಯಗಳ ಪಠ್ಯಕ್ರಮ ಮಂಡಳಿಗಳೂ ಇಸ್ರೊ ಮತ್ತು ಖಭೌತ ಸಂಸ್ಥೆಯ ಹಿರಿಯರೂ ಒಮ್ಮೆ ಜೊತೆಗೆ ಕುಳಿತು ಈ ಕುರಿತು ಯೋಚಿಸಲಿ.